ಸೊಳ್ಳೆಯ ಮರಿಯೂ ಬೆಳೆಗಾರನ ನೀರೂ

(ಕಂಬಂ ಕಣಿವೆಯ ಕಬ್ಬು ಬೆಳೆಗಾರ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕಬ್ಬಿನ ಸಭೆಗೆ ಬಂದು ಸೊಳ್ಳೆಯ ವಿಚಾರ ಮಾತನಾಡುವ ಈ ಮುದುಕ ಯಾರು ಎಂದು ಹಿಂದಿನ ಸಾಲಿನಲ್ಲಿ ಒಬ್ಬರು ಕೇಳಿದ್ದು ನನ್ನ ಕಿವಿಗೂ ಬಿತ್ತು. ಅವರ ಪ್ರಶ್ನೆ ನ್ಯಾಯವಾದದ್ದೇ. ಕಬ್ಬಿನ ದರ, ಕಟಾವು ಆದೇಶ, ಬಾಕಿ ಹಣ, ಇವುಗಳ ಮಾತು ಬಿಟ್ಟು ಸೊಳ್ಳೆಯ ಮಾತೇಕೆ? ಉತ್ತರ ಒಂದೇ. ಸೊಳ್ಳೆ ಹುಟ್ಟುವುದು ನೀರಿನಲ್ಲಿ. ಈ ಕಣಿವೆಯಲ್ಲಿ ನೀರನ್ನು ಕಟ್ಟುವವರು, ತಿರುಗಿಸುವವರು, ತುಂಬಿಡುವವರು ನೀವು. ಆಸ್ಪತ್ರೆಯ ವೈದ್ಯರಿಗೆ ಜ್ವರ ಬಂದ ಮೇಲೆ ಮಾತ್ರ ಕೆಲಸ. ಜ್ವರ ಬರುವುದಕ್ಕೆ ಮೊದಲಿನ ಕೆಲಸ ನಿಮ್ಮ ಕೈಯಲ್ಲಿದೆ. ನಾನು ಮೂವತ್ತು ವರ್ಷ ಕೀಟಗಳ ಹಿಂದೆಯೇ ಅಲೆದವನು. ಇಲ್ಲಿ ಅನೇಕರ ಮನೆಮಾತು ಕನ್ನಡವಾದ್ದರಿಂದ ಕನ್ನಡದಲ್ಲೇ ಹೇಳಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನನ್ನದು ಪುಸ್ತಕದ ಕನ್ನಡ, ನಿಮ್ಮದು ಮನೆಯ ಕನ್ನಡ. ಎಲ್ಲಾದರೂ ತಿಳಿಯದಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ.

ಮೊದಲು ನಿಮಗೆ ಗೊತ್ತಿರುವ ವಿಷಯದಿಂದಲೇ ಆರಂಭಿಸುತ್ತೇನೆ. ಕಬ್ಬಿಗೆ ಕಾಂಡಕೊರಕ ಬಂದರೆ ನೀವು ಏನು ಮಾಡುತ್ತೀರಿ? ಪತಂಗದ ಹಿಂದೆ ಬಲೆ ಹಿಡಿದು ಓಡುತ್ತೀರಾ? ಇಲ್ಲ. ಕಾರ್ಖಾನೆಯಿಂದ ಟ್ರೈಕೋಗ್ರಾಮ ಕಾರ್ಡು ತಂದು ಗರಿಗೆ ಕಟ್ಟುತ್ತೀರಿ. ಅದರಿಂದ ಹೊರಟ ಕಣಜದಂಥ ಸಣ್ಣ ಹುಳು ಕೊರಕದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಟ್ಟು ಅದನ್ನು ಹಾಳುಮಾಡುತ್ತದೆ. ಕಾಂಡದೊಳಗೆ ಹೊಕ್ಕ ಹುಳುವಿಗೆ ಔಷಧಿ ತಲುಪುವುದಿಲ್ಲ, ಹಾರಿಹೋದ ಪತಂಗ ಕೈಗೆ ಸಿಗುವುದಿಲ್ಲ. ಆದಕಾರಣ ಹೊರಗೆ, ಒಂದೇ ಕಡೆ, ಓಡಲಾರದೆ ಇರುವ ಹಂತದಲ್ಲಿ ಹಿಡಿಯಬೇಕು. ಇದನ್ನು ನಿಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಸೊಳ್ಳೆಯ ಕಥೆಯೂ ಹಾಗೆಯೇ. ಮೊಟ್ಟೆ, ಮರಿಹುಳು, ಕೋಶ, ರೆಕ್ಕೆಯ ಸೊಳ್ಳೆ ಎಂದು ನಾಲ್ಕು ಅವಸ್ಥೆ. ಮೊದಲ ಮೂರೂ ನೀರಿಗೆ ಸೇರಿದವು. ಮರಿಹುಳು ನಾಲ್ಕು ಹಂತಗಳಲ್ಲಿ ಪೊರೆ ಬಿಟ್ಟು ಬೆಳೆದು, ಅಲ್ಪವಿರಾಮದ ಚಿಹ್ನೆಯಂತೆ ಬಗ್ಗಿದ ಕೋಶವಾಗಿ, ಒಂದೆರಡು ದಿನ ಊಟವಿಲ್ಲದೆ ಇದ್ದು, ಬೆನ್ನು ಸೀಳಿಕೊಂಡು ಸೊಳ್ಳೆಯಾಗಿ ಏಳುತ್ತದೆ. ನಮ್ಮ ಸೀಮೆಯ ಬಿಸಿಲಿಗೆ ಇದೆಲ್ಲಾ ಏಳರಿಂದ ಹತ್ತು ದಿನದ ಕೆಲಸ. ಈ ಏಳು ದಿನ ಎಂಬ ಲೆಕ್ಕವನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ. ನೀರಿನಲ್ಲಿರುವವರೆಗೆ ಸಾವಿರ ಮರಿಗಳು ಒಂದೇ ಡ್ರಮ್ಮಿನಲ್ಲಿ ಇರುತ್ತವೆ. ಹಾರಿದ ಮರುಗಳಿಗೆಯೇ ಅವು ಮನೆ, ಕೊಟ್ಟಿಗೆ, ಕಬ್ಬಿನ ತೋಟ, ಪಕ್ಕದವರ ತೊಟ್ಟಿಲು ಎಲ್ಲಾ ಕಡೆ ಹಂಚಿಹೋಗುತ್ತವೆ.

ಸೊಳ್ಳೆ ಎಂದರೆ ಒಂದೇ ಜಾತಿಯಲ್ಲ. ನಮಗೆ ಸಂಬಂಧಪಟ್ಟವು ಮುಖ್ಯವಾಗಿ ಮೂರು. ಅನಾಫಿಲಿಸ್ ಮಲೇರಿಯಾ ತರುತ್ತದೆ. ಇದರ ಮರಿ ನೀರಿನ ಮೇಲ್ಮೈಗೆ ಸಮನಾಗಿ, ತೇಲುವ ಹುಲ್ಲುಕಡ್ಡಿಯಂತೆ ಮಲಗಿರುತ್ತದೆ. ಕ್ಯೂಲೆಕ್ಸ್ ಮರಿ ತಲೆ ಕೆಳಗೆ, ಬಾಲದ ಉಸಿರುನಳಿಗೆ ಮೇಲೆ ಮಾಡಿ ಓರೆಯಾಗಿ ತೂಗಾಡುತ್ತದೆ. ಇದರಲ್ಲಿ ಕೊಳಚೆ ನೀರಿನಲ್ಲಿ ಹುಟ್ಟುವ ಒಂದು ಜಾತಿ ಆನೆಕಾಲು ರೋಗ ತರುತ್ತದೆ, ಗದ್ದೆಯ ತಿಳಿನೀರಿನಲ್ಲಿ ಹುಟ್ಟುವ ಇನ್ನೊಂದು ಜಾತಿ ಮಿದುಳು ಜ್ವರ ತರುತ್ತದೆ. ಮೂರನೆಯದು ಈಡಿಸ್, ಕಾಲಿನ ಮೇಲೆ ಬಿಳಿಪಟ್ಟೆ ಇರುವ ಹಗಲುಗಳ್ಳಿ. ಡೆಂಗೆ ಮತ್ತು ಚಿಕೂನ್‌ಗುನ್ಯಾ ಇದರ ಕೊಡುಗೆ. ಇದಕ್ಕೆ ಗದ್ದೆ, ಕೆರೆ ಬೇಡ. ಡ್ರಮ್ಮು, ತೊಟ್ಟಿ, ಟೈರು, ತೆಂಗಿನ ಚಿಪ್ಪು, ಒರಳುಕಲ್ಲು ಸಾಕು. ಇದು ಮೊಟ್ಟೆಯನ್ನು ನೀರಿನಲ್ಲಿ ಇಡದೆ ನೀರಿನ ಅಂಚಿಗೆ ಸ್ವಲ್ಪ ಮೇಲೆ, ತೊಟ್ಟಿಯ ಗೋಡೆಗೆ ಅಂಟಿಸುತ್ತದೆ. ನೀರು ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಆದ್ದರಿಂದ ತೊಟ್ಟಿಯ ನೀರು ಚೆಲ್ಲಿದರೆ ಅರ್ಧ ಕೆಲಸ ಮಾತ್ರ ಆದಂತೆ. ತೆಂಗಿನ ನಾರು ಹಿಡಿದು ಒಳಗೋಡೆಯನ್ನು ಉಜ್ಜಿದರೆ ಕೆಲಸ ಪೂರ್ತಿಯಾಗುತ್ತದೆ.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂದು ಕಂಡುಹಿಡಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ತರುಣ ವೈದ್ಯನಾಗಿದ್ದ. ಅವನ ಬಂಗಲೆಯಲ್ಲಿ ಉಳಿದವರ ಮನೆಗಿಂತ ಹೆಚ್ಚು ಸೊಳ್ಳೆ. ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿದ, ಕಾಟ ತಗ್ಗಿತು. ದಂಡಿನ ಅಧಿಕಾರಿಗೆ ಹೋಗಿ, ಎಲ್ಲರ ತೊಟ್ಟಿಗಳನ್ನೂ ಹೀಗೆಯೇ ಮಾಡಿಸೋಣ ಎಂದ. ಸೊಳ್ಳೆಯನ್ನು ಸೃಷ್ಟಿಸಿದ್ದಕ್ಕೂ ಏನೋ ಉದ್ದೇಶ ಇದ್ದೀತು, ಸೃಷ್ಟಿಯ ಕ್ರಮವನ್ನು ಕೆಡಿಸಬಾರದು ಎಂದು ಆ ಅಧಿಕಾರಿ ಒಪ್ಪಲಿಲ್ಲವಂತೆ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರ ಆಗಸ್ಟ್ 20ರಂದು. ಅಂದರೆ ಪರಿಹಾರ ಗೊತ್ತಾದ ಹದಿನಾಲ್ಕು ವರ್ಷಗಳ ನಂತರ ಕಾರಣ ಗೊತ್ತಾಯಿತು.

ಈ ಇಸವಿಗಳನ್ನು ಏಕೆ ಹೇಳಿದೆನೆಂದರೆ, ನಿಮ್ಮ ಗದ್ದೆಗೆ ನೀರು ಕೊಡುವ ಪೆರಿಯಾರ್ ಅಣೆಕಟ್ಟು ಮುಗಿದದ್ದು 1895ರಲ್ಲಿ. ಪೆನ್ನಿಕ್ವಿಕ್ ದೊರೆಯ ಹೆಸರು ಈ ಕಣಿವೆಯ ಮಕ್ಕಳಿಗೂ ಗೊತ್ತು, ಇಲ್ಲಿ ಅವರ ಪಟವಿಲ್ಲದ ಮನೆ ಅಪರೂಪ. ಆ ಕಾಡಿನಲ್ಲಿ ಕಲ್ಲು ಹೊತ್ತ ಕೂಲಿಗಳಲ್ಲಿ ಅನೇಕರು ಮಲೇರಿಯಾಕ್ಕೂ ಕಾಲರಾಕ್ಕೂ ಬಲಿಯಾದರು. ಆ ಜ್ವರ ಎಲ್ಲಿಂದ ಬರುತ್ತದೆಂದು ಅವರಿಗೂ ತಿಳಿಯದು, ಅವರ ವೈದ್ಯರಿಗೂ ತಿಳಿಯದು. ಕೆಟ್ಟ ಗಾಳಿ ಎಂದುಕೊಂಡರು. ಎರಡು ವರ್ಷ ಕಳೆದು ಸತ್ಯ ಹೊರಬಿತ್ತು. ಇಂದು ಆ ನೀರಿನಿಂದ ಈ ಕಣಿವೆಯ ಸುಮಾರು 14,700 ಎಕರೆ ಗದ್ದೆ ಎರಡು ಬೆಳೆ ಕಾಣುತ್ತಿದೆ.

ಕಬ್ಬಿಗೂ ಸೊಳ್ಳೆಗೂ ಇರುವ ಸಂಬಂಧವನ್ನು ಮೊದಲು ಚೆನ್ನಾಗಿ ಅನುಭವಿಸಿದವರು ಮಂಡ್ಯದ ಕಡೆಯವರು. ಕನ್ನಂಬಾಡಿಯಿಂದ ಆಗ ಇರ್ವಿನ್ ನಾಲೆ ಎನ್ನುತ್ತಿದ್ದ, ಈಗ ವಿಶ್ವೇಶ್ವರಯ್ಯ ನಾಲೆ ಎನ್ನುವ ಕಾಲುವೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ರಾಗಿ ಬೆಳೆಯುತ್ತಿದ್ದ ಒಣನೆಲಕ್ಕೆ ಕಬ್ಬು, ಭತ್ತ ಬಂದವು, ಜೊತೆಗೆ ಚಳಿಜ್ವರವೂ ಬಂತು. ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ನಗೇನಹಳ್ಳಿ, ಹಿರಿಯೂರು, ಮೂಡಿಗೆರೆಗಳಲ್ಲಿ ಮಲೇರಿಯಾ ಸಂಶೋಧನಾ ಠಾಣೆಗಳನ್ನು ನಡೆಸಿತು. ಆಗ ಡಿಡಿಟಿ ಇರಲಿಲ್ಲ. ಕೆಲಸವೆಲ್ಲಾ ಮರಿಗಳ ಮೇಲೆಯೇ. ಆ ಕಾಲದ ಮುಖ್ಯ ಔಷಧಿ ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿ. ಅದನ್ನು ರಸ್ತೆಯ ಧೂಳಿನೊಂದಿಗೆ ಬೆರೆಸಿ ನೀರಿನ ಮೇಲೆ ತೂರಿದರೆ ಪುಡಿ ತೇಲುತ್ತದೆ, ಮೇಲ್ಮೈಯಲ್ಲಿ ಮೇಯುವ ಅನಾಫಿಲಿಸ್ ಮರಿ ಅದನ್ನು ತಿಂದು ಸಾಯುತ್ತದೆ. ಬುದ್ಧಿವಂತಿಕೆಯ ಉಪಾಯವೇ ಸರಿ, ಆದರೆ ಅದರಲ್ಲಿ ಪಾಷಾಣವಿತ್ತು. ಇಂದು ಯಾರೂ ಅದನ್ನು ಬಳಸುವುದಿಲ್ಲ, ಬಳಸಲೂ ಬಾರದು.

ಯುದ್ಧ ಮುಗಿಯುವ ವೇಳೆಗೆ ಡಿಡಿಟಿ ಬಂತು. ಗೋಡೆಗೆ ಹೊಡೆದರೆ ಸಾಕು, ಇನ್ನು ನೀರಿನ ಗೊಡವೆ ಬೇಡ ಎಂದು ಎಲ್ಲರೂ ನಂಬಿದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ಅದೇ ನಿರ್ಮೂಲನ ಕಾರ್ಯಕ್ರಮವಾಯಿತು. 1965ರಲ್ಲಿ ದೇಶದ ಒಟ್ಟು ಪ್ರಕರಣ ಸುಮಾರು 1 ಲಕ್ಷಕ್ಕೆ ಇಳಿಯಿತು. ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಸೊಳ್ಳೆ ಔಷಧಿಗೆ ಒಗ್ಗಿಕೊಂಡಿತು, ನಾವು ಕೈಚೆಲ್ಲಿದೆವು. 1976ರಲ್ಲಿ ಪ್ರಕರಣ 64 ಲಕ್ಷಕ್ಕೆ ಏರಿತು. ಆಗ ವಿಜ್ಞಾನಿಗಳು ಮತ್ತೆ ನೀರಿನ ಕಡೆ ತಿರುಗಿದರು. 1975ರಲ್ಲಿ ಪುದುಚೇರಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಆರಂಭವಾಗಿತ್ತು. 1980ರ ದಶಕದಲ್ಲಿ ನಮಗೆ ಹತ್ತಿರದ ಮಧುರೈಯಲ್ಲೇ ವೈದ್ಯಕೀಯ ಕೀಟಶಾಸ್ತ್ರದ ಸಂಶೋಧನಾ ಕೇಂದ್ರ ಹುಟ್ಟಿತು. ಅದು ಈಗ ಪುದುಚೇರಿ ಕೇಂದ್ರದ ಕ್ಷೇತ್ರ ಠಾಣೆಯಾಗಿದೆ. ಈ ಎರಡು ಸಂಸ್ಥೆಗಳ ಕೆಲಸದಲ್ಲಿ ನಿಮಗೆ ಉಪಯೋಗವಾಗುವುದನ್ನಷ್ಟೇ ಹೇಳುತ್ತೇನೆ.

1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕೊಳದಲ್ಲಿ ಸೊಳ್ಳೆಮರಿಗಳು ರಾಶಿರಾಶಿಯಾಗಿ ಸತ್ತಿದ್ದವು. ಕಾರಣ ಒಂದು ಬ್ಯಾಸಿಲಸ್ ಸೂಕ್ಷ್ಮಜೀವಿ. ಇದನ್ನು ಸಂಕ್ಷೇಪವಾಗಿ ಬಿಟಿಐ ಎನ್ನುತ್ತಾರೆ. ಮರಿ ಇದನ್ನು ನುಂಗಿದರೆ ಹೊಟ್ಟೆಯೊಳಗೆ ವಿಷವಾಗಿ ಕರುಳು ಒಡೆಯುತ್ತದೆ. ಮೀನಿಗೆ, ದನಕ್ಕೆ, ಮನುಷ್ಯನಿಗೆ ತೊಂದರೆಯಿಲ್ಲ. ಪುದುಚೇರಿಯವರು ನಮ್ಮ ನೆಲದಲ್ಲೇ ಅಂಥ ತಳಿಯನ್ನು ಹುಡುಕಿ, ಇಲ್ಲಿಯೇ ತಯಾರಿಸುವ ಕ್ರಮವನ್ನೂ ಕೊಟ್ಟರು. ಹತ್ತಿಯ ಬೀಜದ ಗದ್ದಲದಿಂದ ಬಿಟಿ ಎಂದೊಡನೆ ಕೆಲವರು ಹೌಹಾರುತ್ತೀರಿ. ಇದು ಅದೇ ವಂಶದ ಬೇರೊಂದು ಕವಲು, ಸೊಳ್ಳೆಮರಿಗೆಂದೇ ಇರುವಂಥದ್ದು, ಬೀಜಕ್ಕೆ ಸೇರಿಸಿದ್ದಲ್ಲ.

ಮಧುರೈ ಕೇಂದ್ರದವರು ಹಿಡಿದದ್ದು ಭತ್ತದ ಗದ್ದೆಯನ್ನು, ಮಿದುಳು ಜ್ವರಕ್ಕಾಗಿ. ಜಪಾನೀ ಮಿದುಳು ಜ್ವರ ಭಾರತದಲ್ಲಿ ಮೊದಲು ಗುರುತಾದದ್ದು 1955ರಲ್ಲಿ ವೆಲ್ಲೂರಿನ ಕಡೆ. 1970ರ ದಶಕದ ಕೊನೆಯಿಂದ ಕೋಲಾರ, ಮಂಡ್ಯಗಳಲ್ಲಿ ಎಷ್ಟೋ ಮಕ್ಕಳನ್ನು ಅದು ಕೊಂಡೊಯ್ದಿತು. ಹಂದಿ ಮತ್ತು ಕೊಕ್ಕರೆಯ ಮೈಯಲ್ಲಿ ಈ ರೋಗಾಣು ಬೆಳೆಯುತ್ತದೆ, ಗದ್ದೆಯ ಕ್ಯೂಲೆಕ್ಸ್ ಅದನ್ನು ಮಗುವಿಗೆ ತರುತ್ತದೆ. ಈ ಜ್ವರದ ಲಕ್ಷಣ ಕಾಣಿಸಿಕೊಂಡವರಲ್ಲಿ ನೂರಕ್ಕೆ 20ರಿಂದ 30 ಮಂದಿ ಸಾಯುತ್ತಾರೆ. ಉಳಿದವರಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದಷ್ಟು ಮಂದಿಗೆ ಕೈಕಾಲೋ ಬುದ್ಧಿಯೋ ಶಾಶ್ವತವಾಗಿ ಕುಂದುತ್ತದೆ. ಇದಕ್ಕೆ ಲಸಿಕೆ ಇದೆ. 2006ರಿಂದ ರೋಗ ಹೆಚ್ಚಿರುವ ಜಿಲ್ಲೆಗಳಲ್ಲಿ ಮಕ್ಕಳಿಗೆ ಕೊಡುತ್ತಾ ಬಂದಿದ್ದಾರೆ. ಆದರೂ ಗದ್ದೆಯ ಕೆಲಸ ತಪ್ಪಿದ್ದಲ್ಲ.

ರೇಚಲ್ ರೂಬೆನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಮಧುರೈ ಸುತ್ತಿನ ಗದ್ದೆಗಳಲ್ಲಿ ಮಾಡಿದ ಪ್ರಯೋಗಗಳು ಬೆಳೆಗಾರರು ಕೇಳಲೇಬೇಕಾದವು. ಒಂದನೆಯದು ಯೂರಿಯಾ ವಿಚಾರ. ಗದ್ದೆಗೆ ರಾಸಾಯನಿಕ ಸಾರಜನಕ ಹೆಚ್ಚಾದಂತೆ ಸೊಳ್ಳೆಮರಿಯೂ ಹೆಚ್ಚುತ್ತದೆ. ಪೈರು ಮಾತ್ರವಲ್ಲ, ಮರಿ ತಿನ್ನುವ ಪಾಚಿ ಮತ್ತು ಸೂಕ್ಷ್ಮಜೀವಿಗಳೂ ಆ ಗೊಬ್ಬರ ಉಂಡು ಬೆಳೆಯುತ್ತವೆ. ಕೊಟ್ಟಿಗೆ ಗೊಬ್ಬರ ಹಾಕಿದ ಗದ್ದೆಯಲ್ಲಿ ಇಷ್ಟು ಏರಿಕೆ ಕಾಣಲಿಲ್ಲ. ಎರಡನೆಯದು ಬೇವಿನ ಹಿಂಡಿ. ನಮ್ಮ ಹಿರಿಯರು ಹಿಂಡಿ ಹಾಕುತ್ತಿದ್ದದ್ದು ಸತ್ವಕ್ಕಾಗಿ, ಬೇರು ಹುಳುವಿಗಾಗಿ. ಹಿಂಡಿಯ ಪುಡಿಯನ್ನೋ, ಹಿಂಡಿ ಲೇಪಿಸಿದ ಯೂರಿಯಾವನ್ನೋ ಹಾಕಿದ ಗದ್ದೆಯಲ್ಲಿ ಬಲಿತ ಮರಿಗಳೂ ಕೋಶಗಳೂ ಗಣನೀಯವಾಗಿ ತಗ್ಗಿದವು. ಎಳೆಮರಿಗಳಿದ್ದರೂ ಸೊಳ್ಳೆಯಾಗಿ ಏಳುವವು ಕಡಿಮೆ. ಬೇವು ಒಮ್ಮೆಲೇ ಕೊಲ್ಲುವುದಿಲ್ಲ, ಪೊರೆ ಬಿಡಲು ಬಿಡದೆ ಬೆಳವಣಿಗೆಯನ್ನು ಕೆಡಿಸುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಯೂರಿಯಾ ಎಲ್ಲಾ ಬೇವಿನ ಎಣ್ಣೆ ಲೇಪಿಸಿದ್ದೇ ಅಲ್ಲವೇ ಎಂದು ಕೇಳುತ್ತೀರಿ. ಹೌದು. ಆದರೆ ಆ ಲೇಪನ ಬಲು ತೆಳು, ಸಾರಜನಕ ನಿಧಾನವಾಗಿ ಕರಗಲೆಂದು ಮಾಡಿದ್ದು. ಅದನ್ನು ನಂಬಿ ಹಿಂಡಿ ಬಿಡಬೇಡಿ.

ಮೂರನೆಯದು ನೀರು ಆರಿಸುವ ಕ್ರಮ. ಗದ್ದೆಯಲ್ಲಿ ಸದಾ ನೀರು ನಿಲ್ಲಿಸುವ ಬದಲು, ಕೆಲವು ದಿನ ನೀರು ಕೊಟ್ಟು, ಅದು ಇಂಗಿ ನೆಲ ಆರುವವರೆಗೆ ಬಿಟ್ಟು, ಮತ್ತೆ ನೀರು ಕೊಡುವುದು. ಏಳು ದಿನದ ಲೆಕ್ಕ ಇಲ್ಲಿ ಬರುತ್ತದೆ. ಮರಿ ಸೊಳ್ಳೆಯಾಗುವ ಮೊದಲೇ ನೆಲ ಆರಿದರೆ ಅದು ಕೆಸರಿನಲ್ಲೇ ಸಾಯುತ್ತದೆ. ಪ್ರಯೋಗದ ಗದ್ದೆಗಳಲ್ಲಿ ಮರಿ ಕಡಿಮೆಯಾಯಿತು, ನೀರು ಉಳಿಯಿತು, ಇಳುವರಿಗೆ ಕುಂದು ಬರಲಿಲ್ಲ. ಇಷ್ಟು ಒಳ್ಳೆಯದಾದರೆ ಎಲ್ಲರೂ ಏಕೆ ಮಾಡಲಿಲ್ಲ? ತಪ್ಪೆಲ್ಲಾ ರೈತರದೇ ಎಂದು ನಾನು ಹೇಳುವುದಿಲ್ಲ. ಗದ್ದೆ ಆರಿಸಿದ ದಿನ ಮೇಲಿನ ಮಡಿಯವನ ನೀರು ಬಸಿದು ಬರುತ್ತದೆ. ಆರಿಸಿದ ಮೇಲೆ ಮುಂದಿನ ಸರದಿಗೆ ಕಾಲುವೆಯಲ್ಲಿ ನೀರು ಬರುತ್ತದೆಂಬ ಭರವಸೆ ಯಾರಿಗಿದೆ? ಸಿಕ್ಕಾಗ ತುಂಬಿಟ್ಟುಕೊಳ್ಳೋಣ ಎನ್ನುವುದು ಅನುಭವದಿಂದ ಬಂದ ಬುದ್ಧಿ. ಒಂದು ತೂಬಿನ ಕೆಳಗಿನ ಎಲ್ಲರೂ ಕೂಡಿ, ನೀರುಗಂಟಿಯೂ ಒಪ್ಪಿ, ಒಂದೇ ದಿನ ಆರಿಸಿದರೆ ಮಾತ್ರ ಇದು ನಡೆಯುವ ಮಾತು. ಒಬ್ಬನೇ ಆರಿಸಿದರೆ ಅವನ ಪೈರಿಗೆ ಕಳೆ ಹೆಚ್ಚುತ್ತದೆ, ಊರಿನ ಸೊಳ್ಳೆ ಹಾಗೆಯೇ ಉಳಿಯುತ್ತದೆ. ಗದ್ದೆಯ ಕ್ಯೂಲೆಕ್ಸ್ ಮೈಲಿಗಟ್ಟಲೆ ಹಾರಬಲ್ಲದು.

ಇನ್ನೊಂದು ಸಣ್ಣ ಮಾತು. ಮಧುರೈ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞರು 1970ರ ದಶಕದಲ್ಲಿ ಏರೋಪ್ಲೇನ್ ಹುಳುವಿನ ಮರಿ, ಅಂದರೆ ಕೊಡತಿಯಂತೆ ಹಾರುವ ಆ ಹುಳುವಿನ ನೀರಿನಲ್ಲಿರುವ ಮರಿ, ಎಷ್ಟು ಸೊಳ್ಳೆಮರಿ ತಿನ್ನುತ್ತದೆಂದು ಅಳೆದರು. ಬಿಸಿಲು ಏರಿದಂತೆ ಅದರ ಹಸಿವೂ ಏರುತ್ತದೆ. ನಾಟಿಯಾದ ಕೂಡಲೇ ಹುಳು ಕಾಣದಿದ್ದರೂ ಗದ್ದೆಗೆ ವಿಷ ಹೊಡೆಯುವ ಚಟ ಕೆಲವರಿಗಿದೆ. ಆ ವಿಷಕ್ಕೆ ಮೊದಲು ಸಾಯುವವರು ಈ ಕಾವಲುಗಾರರು. ಅವು ಮತ್ತೆ ಬರಲು ತಿಂಗಳುಗಳು ಬೇಕು. ಸೊಳ್ಳೆಗೆ ಒಂದು ವಾರ ಸಾಕು.

ಮೀನಿನ ವಿಚಾರ ಬಿಡುವಂತಿಲ್ಲ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತ ಹಳ್ಳಿಗಳಲ್ಲಿ ಮಲೇರಿಯಾ ಬಲವಾಗಿತ್ತು. ಅದು ರೇಷ್ಮೆಯ ಸೀಮೆ. ಮನೆಗೆ ಔಷಧಿ ಹೊಡೆಯಲು ಬಂದರೆ ಜನ ಬಾಗಿಲು ಹಾಕುತ್ತಿದ್ದರು, ಏಕೆಂದರೆ ಅದೇ ಔಷಧಿಗೆ ರೇಷ್ಮೆಹುಳುವೂ ಸಾಯುತ್ತದೆ. ಮಲೇರಿಯಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಠಾಣೆಯವರು ಜಗಳವಾಡಲಿಲ್ಲ. ಮರಿ ಎಲ್ಲಿ ಹುಟ್ಟುತ್ತದೆಂದು ಹುಡುಕಿ, ಮುಖ್ಯವಾಗಿ ಬಾವಿಗಳಲ್ಲಿ ಎಂದು ಕಂಡು, ಬಾವಿಗಳಿಗೆ ಗಪ್ಪಿ ಮೀನನ್ನೂ ಕೊಳಗಳಿಗೆ ಗಂಬೂಸಿಯಾ ಮೀನನ್ನೂ ಬಿಟ್ಟರು. ಮಲೇರಿಯಾ ಇಳಿಯಿತು, ರೇಷ್ಮೆ ಉಳಿಯಿತು. ರೈತನ ಕಸುಬನ್ನು ಮುರಿಯದೆ ರೋಗ ತಡೆಯಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಕೇರಳದ ಚೇರ್ತಲದಲ್ಲೂ ಹೀಗೆಯೇ. ಅಲ್ಲಿ ಆನೆಕಾಲು ತರುವ ಸೊಳ್ಳೆಯ ಮರಿ ಅಂತರಗಂಗೆಯ ಬೇರಿಗೆ ಕಚ್ಚಿಕೊಂಡು ಉಸಿರಾಡುತ್ತದೆ. 1986ರಿಂದ ಪುದುಚೇರಿ ಕೇಂದ್ರದವರು ಜನರಿಂದಲೇ ಆ ಗಿಡ ತೆಗೆಸಿ ಕೊಳದಲ್ಲಿ ಮೀನು ಸಾಕಿಸಿದರು. ಮೀನಿನ ಹಣ ಕಂಡ ಮೇಲೆ ಗಿಡ ತೆಗೆಯಿರೆಂದು ಹೇಳುವ ಅಗತ್ಯ ಬೀಳಲಿಲ್ಲ.

ಆದರೆ ಒಂದು ಎಚ್ಚರಿಕೆ. ಗಪ್ಪಿ, ಗಂಬೂಸಿಯಾ ಎರಡೂ ಪರದೇಶದ ಮೀನುಗಳು. ಬಾವಿ, ತೊಟ್ಟಿಗಳಲ್ಲಿ ಸರಿ. ಮುಲ್ಲೈಯಾರ್, ವೈಗೈ, ಊರಕೆರೆಗಳಿಗೆ ಬಿಡಬೇಡಿ, ನಮ್ಮ ಮೀನಿನ ಮರಿಗಳನ್ನೇ ತಿಂದುಹಾಕುತ್ತವೆ. ನಿಮ್ಮ ಕಾಲುವೆಯಲ್ಲೇ ನೆತ್ತಿಯ ಮೇಲೆ ಬಿಳಿಚುಕ್ಕೆ ಹೊಳೆಯುವ ಒಂದು ಸಣ್ಣ ಮೀನಿದೆ, ನೀರಿನ ಮೇಲ್ಮೈಯಲ್ಲೇ ಓಡಾಡುತ್ತದೆ. ಸೊಳ್ಳೆಮರಿ ಅದರ ಇಷ್ಟದ ಊಟ. ಹೊಲದ ಸಿಮೆಂಟು ತೊಟ್ಟಿಗೆ ಅದನ್ನೇ ತಂದುಬಿಡಿ.

ಈಗ ಕಬ್ಬಿಗೆ ಬರುತ್ತೇನೆ. ಸತ್ಯವಾಗಿ ಹೇಳಬೇಕೆಂದರೆ ಕಬ್ಬಿನ ಸಾಲಿನಲ್ಲಿ ಹಾಯಿಸಿದ ನೀರು ಎರಡು ಮೂರು ದಿನಕ್ಕೆ ಇಂಗುವುದರಿಂದ ಭತ್ತದಷ್ಟು ಭಯ ಅಲ್ಲಿಲ್ಲ. ತೊಂದರೆ ಇರುವುದು ಕಬ್ಬಿನ ಸುತ್ತ. ಕಾಲುವೆಯಿಂದ ಒಸರಿ ತಗ್ಗಿನಲ್ಲಿ ನಿಂತ ನೀರು ಅನಾಫಿಲಿಸಿಗೆ ಮನೆ. ಕಾರ್ಖಾನೆಯ ಕೊಳಚೆ ಹರಿಯುವ ಚರಂಡಿ ಕಟ್ಟಿಕೊಂಡರೆ ಆನೆಕಾಲಿನ ಕ್ಯೂಲೆಕ್ಸ್ ಅಲ್ಲಿ ಕೋಟಿಗಟ್ಟಲೆ ಹುಟ್ಟುತ್ತದೆ. ಇದನ್ನು ಅಧಿಕಾರಿಗಳ ಎದುರೇ ಹೇಳುತ್ತಿದ್ದೇನೆ. ಚರಂಡಿಯ ಹುಲ್ಲು ಸವರಿ ನೀರು ಹರಿಯುವಂತೆ ಇಡುವುದು ಯಾವ ಕಾರ್ಖಾನೆಗೂ ದೊಡ್ಡ ಖರ್ಚಲ್ಲ.

ಈಡಿಸ್ ಇರುವುದು ಪಂಪಿನ ಮನೆಯಲ್ಲಿ. ಹನಿ ನೀರಾವರಿಗೆ ಗೊಬ್ಬರ ಕರಗಿಸುವ 200 ಲೀಟರಿನ ಡ್ರಮ್ಮು, ದ್ರಾಕ್ಷಿ ಚಪ್ಪರಕ್ಕೆ ಔಷಧಿ ಕಲಸುವ ತೊಟ್ಟಿ, ಟ್ರ್ಯಾಕ್ಟರಿನ ಹಳೆಯ ಟೈರು, ಎಳನೀರು ಕುಡಿದು ಎಸೆದ ಬುರುಡೆ, ತಾಡಪಾಲಿನ ಮಡಿಕೆಯಲ್ಲಿ ನಿಂತ ಮಳೆನೀರು. ಒಂದು ಹಂಗಾಮಿನಲ್ಲಿ ನಾನು ಸೌಟು ಹಿಡಿದು ಹೊಲದ ಮನೆಗಳನ್ನು ಸುತ್ತಿದ್ದೆ. ಬದುವಿನ ಮೇಲೆ ಒಂದು ಕಳೆ ಬಿಡದ ಗಟ್ಟಿ ಬೇಸಾಯಗಾರರೊಬ್ಬರ ಡ್ರಮ್ಮಿನಲ್ಲಿ ಸೌಟು ಅದ್ದಿದರೆ ನೀರಿಗಿಂತ ಮರಿಯೇ ಹೆಚ್ಚು. ಅವರು ನಾಚಿಕೊಂಡು, ಅಣ್ಣಾ, ಇದು ನಮ್ಮ ಬೆಳೆಗೆ ಬರುವ ಹುಳು ಅಲ್ಲವಲ್ಲ, ಅದಕ್ಕೆ ನೋಡಲಿಲ್ಲ ಎಂದರು.

ಎಲ್ಲಕ್ಕಿಂತ ಹೆಚ್ಚು ನನ್ನ ಮನಸ್ಸಿಗೆ ಚುಚ್ಚುವುದು ಕಬ್ಬು ಕಡಿಯುವವರ ಗುಡಿಸಲು. ಮೇಸ್ತ್ರಿ ಅವರನ್ನು ಕರೆತಂದು ಬದುವಿನ ಮೇಲೆ ಇಳಿಸುತ್ತಾನೆ. ತರಗಿನ ಗುಡಿಸಲು, ಒಂದು ತುಕ್ಕು ಡ್ರಮ್ಮು, ಮುಚ್ಚಳವಿಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಗಿನ ಜಾವವೇ ಕತ್ತಿ ಹಿಡಿದು ಹೋಗುತ್ತಾರೆ. ಈಡಿಸ್ ಕಚ್ಚುವುದು ಹಗಲಿನಲ್ಲಿ, ಗುಡಿಸಲಲ್ಲಿ ಮಲಗಿರುವ ಮಗುವನ್ನು. ಜ್ವರ ಬಂದರೆ ಆ ತಾಯಿ ಎರಡು ದಿನ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವಳೇ? ಡೆಂಗೆಯಲ್ಲಿ ಜ್ವರ ಇಳಿದ ದಿನವೇ ಅಪಾಯ ಆರಂಭ. ಜ್ವರ ಬಿಟ್ಟಿತೆಂದು ಆಕೆ ಕೆಲಸಕ್ಕೆ ಹೊರಡುತ್ತಾಳೆ, ಮಗು ಹೊಟ್ಟೆನೋವೆಂದು ಅಳುತ್ತಾ ತಣ್ಣಗಾಗುತ್ತಾ ಹೋಗುತ್ತದೆ. ಈ ರೋಗಕ್ಕೆಂದೇ ಔಷಧಿ ಇಲ್ಲ, ಸಮಯಕ್ಕೆ ಆರೈಕೆ ಮಾತ್ರ. ಆ ಡ್ರಮ್ಮು ಯಾರ ಹೊಲದಲ್ಲಿದೆ? ನಿಮ್ಮ ಹೊಲದಲ್ಲಿ. ಮುಚ್ಚಳ ಕೊಡಬೇಕಾದವರು ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಣಿವೆಗೆ ಇನ್ನೂ ಒಂದು ವಿಶೇಷವಿದೆ. ಪ್ರತಿದಿನ ಬೆಳಿಗ್ಗೆ ಜೀಪುಗಳಲ್ಲಿ ನಮ್ಮ ಹೆಣ್ಣುಮಕ್ಕಳು ಕುಮಿಳಿ, ಕಂಬಂಮೆಟ್ಟು, ಬೋಡಿಮೆಟ್ಟಿನ ದಾರಿಯಾಗಿ ಘಟ್ಟದ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ಇಳಿಯುತ್ತಾರೆ. ಘಟ್ಟದ ಆಚೆ ರಬ್ಬರ್ ಹಾಲಿನ ಚಿಪ್ಪು, ಕೋಕೋ ಕಾಯಿಯ ಸಿಪ್ಪೆಗಳಲ್ಲಿ ಈಡಿಸಿನ ಇನ್ನೊಂದು ಜಾತಿ ಹುಟ್ಟುತ್ತದೆ. 2007ರಲ್ಲಿ ಕೇರಳದಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗ ಅದರ ಪಾತ್ರ ದೊಡ್ಡದಿತ್ತು. ಅದರ ಹಿಂದಿನ ವರ್ಷ, 2006ರಲ್ಲಿ, ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿಗೆ ಆ ಜ್ವರವಿರಬಹುದೆಂದು ದಾಖಲಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವರು. ಗಂಟುಗಂಟು ಹಿಡಿದು ಕುಡುಗೋಲು ಎತ್ತಲಾರದೆ ತಿಂಗಳುಗಟ್ಟಲೆ ಕುಳಿತವರು ಈ ಸಭೆಯಲ್ಲೂ ಇರಬಹುದು. ಸೊಳ್ಳೆಗೆ ಗಡಿ ಚೆಕ್‌ಪೋಸ್ಟು ಇಲ್ಲ. ರೋಗಾಣು ಜನರ ಮೈಯಲ್ಲಿ ಇಳಿದು ಬರುತ್ತದೆ, ಇಲ್ಲಿ ಅದಕ್ಕೆ ಸೊಳ್ಳೆ ಸಿಗುತ್ತದೋ ಇಲ್ಲವೋ ಎಂಬುದು ನಮ್ಮ ತೊಟ್ಟಿಗಳ ಮೇಲಿದೆ.

ಹೊಗೆಯಂತ್ರದ ವಿಚಾರ ಕೇಳುತ್ತೀರೆಂದು ಗೊತ್ತು. ಹೊಗೆ ಬಂದರೆ ಜನಕ್ಕೆ ಸಮಾಧಾನ, ಬಿಟ್ಟವರಿಗೆ ಕೆಲಸ ಮಾಡಿದ ಹೆಸರು. ಆ ಗಳಿಗೆಯಲ್ಲಿ ಹಾರಾಡುವ ಸೊಳ್ಳೆ ಸಾಯುತ್ತದೆ ನಿಜ. ಡ್ರಮ್ಮಿನೊಳಗಿನ ಮರಿಗೆ ಹೊಗೆ ಮುಟ್ಟುವುದಿಲ್ಲ, ನಾಳೆ ಬೆಳಿಗ್ಗೆ ಅದು ಏಳುತ್ತದೆ. ರೋಗ ಹಬ್ಬಿದಾಗ ಹೊಗೆ ಬೇಕು. ಅದೊಂದೇ ಸಾಲದು. 2022ರಲ್ಲಿ ಪುದುಚೇರಿ ಕೇಂದ್ರದವರು, ವೊಲ್ಬಾಕಿಯಾ ಎಂಬ ಸೂಕ್ಷ್ಮಜೀವಿ ಮೈಯಲ್ಲಿರುವ, ಡೆಂಗೆ ರೋಗಾಣು ಬೆಳೆಯಲು ಬಿಡದ ಈಡಿಸ್ ತಳಿಯನ್ನು ಸಿದ್ಧಪಡಿಸಿದ್ದೇವೆಂದು ಪ್ರಕಟಿಸಿದರು. ಒಳ್ಳೆಯ ಸುದ್ದಿ. ಅದು ನಮ್ಮೂರಿಗೆ ಬರುವವರೆಗೆ ನಾರು, ಮುಚ್ಚಳ, ಮೀನು ಇವೇ ಗತಿ.

ನನ್ನ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ, ಮರೆಮಾಚುವುದು ಸರಿಯಲ್ಲ. ಊರೂರಿಗೆ ಹೋಗಿ ಭಾಷಣ ಮಾಡುವವನ ಮೊಮ್ಮಗಳಿಗೇ ಡೆಂಗೆ ಬಂತು. ಆರು ವರ್ಷದ ಮಗು, ನಾಲ್ಕು ರಾತ್ರಿ ಆಸ್ಪತ್ರೆಯ ಮಂಚದ ಪಕ್ಕ ಕುಳಿತೆ. ಅಕ್ಕಪಕ್ಕದ ಮನೆಯವರ ಮೇಲೆಲ್ಲಾ ಮನಸ್ಸಿನಲ್ಲೇ ಸಿಟ್ಟುಮಾಡಿಕೊಂಡೆ. ಮಗು ಬದುಕಿ ಮನೆಗೆ ಬಂದ ದಿನ ಹಿತ್ತಿಲಿಗೆ ಹೋಗಿ ನೋಡಿದರೆ, ಗ್ರೈಂಡರು ಬಂದ ಮೇಲೆ ನಾನೇ ಎತ್ತಿಸಿ ಸೀಬೆ ಗಿಡದ ಕೆಳಗೆ ಇಡಿಸಿದ್ದ ನಮ್ಮ ತಾಯಿಯ ಕಾಲದ ಒರಳುಕಲ್ಲು, ಅದರ ಗುಣಿಯಲ್ಲಿ ಮಳೆನೀರು, ನೀರಿನ ತುಂಬ ಮರಿ. ಈಡಿಸ್ ಸಾಮಾನ್ಯವಾಗಿ ನೂರಿನ್ನೂರು ಗಜಕ್ಕಿಂತ ದೂರ ಹೋಗುವುದಿಲ್ಲ ಎಂದು ನಾನೇ ಎಷ್ಟೋ ಸಲ ಹೇಳಿದ್ದೆ.

ನೀರು ಚೆಲ್ಲಿ ಎಂದರೆ ತಾಯಂದಿರು ಬೈಯುತ್ತೀರಿ. ವಾರಕ್ಕೊಮ್ಮೆ ನಲ್ಲಿಯಲ್ಲಿ ಬರುವ ನೀರನ್ನು ಚೆಲ್ಲುವುದು ಹೇಗೆ? ಚೆಲ್ಲಬೇಡಿ. ನೀರು ಬರುವ ದಿನ, ತುಂಬುವ ಮೊದಲು, ತಳದಲ್ಲಿ ಉಳಿದದ್ದನ್ನು ಗಿಡಕ್ಕೆ ಹಾಕಿ, ಒಳಗೋಡೆ ಉಜ್ಜಿ, ಆಮೇಲೆ ತುಂಬಿ ಹಳೆಯ ಪಂಚೆ ಕಟ್ಟಿ. ಅಷ್ಟಕ್ಕೂ ಆಗದ ದೊಡ್ಡ ತೊಟ್ಟಿಗಳಿಗೆ ಆರೋಗ್ಯ ಇಲಾಖೆಯವರು ಅಬೇಟ್ ಎಂಬ ಔಷಧಿ ಕೊಡುತ್ತಾರೆ. ಶೇಕಡಾ 1ರ ಮರಳಿನಂಥ ಹರಳಾದರೆ 10 ಲೀಟರ್ ನೀರಿಗೆ 1 ಗ್ರಾಂ, 200 ಲೀಟರ್ ಡ್ರಮ್ಮಿಗೆ 20 ಗ್ರಾಂ. ಆರೋಗ್ಯ ಸಿಬ್ಬಂದಿಯ ಕೈಯಿಂದಲೇ ಹಾಕಿಸಿ. ನಿಮ್ಮ ಬೆಳೆಯ ಔಷಧಿಯನ್ನು ಮಾತ್ರ ಎಂದೂ ಮನೆಯ ನೀರಿಗೆ ಸುರಿಯಬೇಡಿ. ಅಬೇಟನ್ನೂ ವರ್ಷವಿಡೀ ಒಂದೇ ಸಮನೆ ಹಾಕಿದ ಕಡೆ ಮರಿಗಳು ಅದಕ್ಕೆ ಒಗ್ಗಿಕೊಂಡ ವರದಿಗಳಿವೆ, ಡಿಡಿಟಿಯ ಪಾಠ ಮತ್ತೆ ಕಲಿಯುವುದು ಬೇಡ.

ಆಡಳಿತ ಮಂಡಳಿಯವರಲ್ಲಿ ಒಂದು ಬಿನ್ನಹ. ಕಟಾವು ಆದೇಶ ಕೊಡುವ ಮೊದಲು ನಿಮ್ಮ ಕ್ಷೇತ್ರ ಸಹಾಯಕರು ಹೊಲಕ್ಕೆ ಹೋಗಿ ಕಬ್ಬಿನ ಪಕ್ವತೆ ನೋಡುತ್ತಾರೆ. ಹೋದವರು ಪಂಪಿನ ಮನೆಯ ಡ್ರಮ್ಮನ್ನೂ, ಕಡಿಯುವವರ ಗುಡಿಸಲಿನ ಡ್ರಮ್ಮನ್ನೂ ಒಮ್ಮೆ ಇಣುಕಿ ನೋಡಲಿ. ದಂಡ ಬೇಡ, ಶಿಕ್ಷೆ ಬೇಡ. ಮರಿ ಕಂಡರೆ ಬೆಳೆಗಾರರಿಗೆ ಹೇಳಿ ಅವರ ಎದುರೇ ಬೋರಲು ಹಾಕಿಸಲಿ. ಕಾರ್ಖಾನೆಯಲ್ಲಿ ಬಿದ್ದಿರುವ ಹಳೆಯ ಗೋಣಿತಾಟುಗಳನ್ನು ಗುಡಿಸಲುಗಳಿಗೆ ಹಂಚಿದರೂ ಡ್ರಮ್ಮಿಗೆ ಮುಚ್ಚಳವಾಗುತ್ತದೆ. ಈ ಹಂಗಾಮಿಗೇ ಆರಂಭಿಸಬಹುದು.

ಇಲ್ಲಿ ಮೇಜಿನ ಮೇಲೆ ಒಂದು ಗಾಜಿನ ಸೀಸೆ ಇಟ್ಟಿದ್ದೇನೆ. ಬೆಳಿಗ್ಗೆ ಬರುವಾಗ ಈ ಸಭಾಂಗಣದ ಹಿಂದಿನ ಟೈರಿನಿಂದಲೇ ತುಂಬಿಕೊಂಡದ್ದು. ಮರಿಯೂ ಇದೆ, ಬಗ್ಗಿದ ಕೋಶವೂ ಇದೆ. ಸಭೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ನೋಡಿ, ಮಕ್ಕಳನ್ನೂ ಕರೆತನ್ನಿ. ನೆರಳು ಬಿದ್ದರೆ ಹೇಗೆ ಕೆಳಗಿಳಿಯುತ್ತವೆ ಎಂಬುದನ್ನು ಗಮನಿಸಿ, ಡ್ರಮ್ಮಿಗೆ ಇಣುಕಿದವರ ಕಣ್ಣಿಗೆ ಮರಿ ಬೀಳದಿರುವುದು ಇದರಿಂದಲೇ. ಎಲ್ಲರೂ ನೋಡಿ ಆದ ಮೇಲೆ ಇದನ್ನು ಅಂಗಳದ ಒಣಮಣ್ಣಿನ ಮೇಲೆ ಚೆಲ್ಲುತ್ತೇನೆ. ಚರಂಡಿಗೆ ಚೆಲ್ಲಿದರೆ ಅಲ್ಲಿಯೂ ಬದುಕಿಕೊಳ್ಳುತ್ತವೆ.